ಭಾರ ಇಳಿಯಿತು, ಅಪಾಯ ಇಳಿಯಿತೇ?

ನಮ್ಮ ಹಳ್ಳಿಗಳಲ್ಲಿ ಧಾನ್ಯ ತುಂಬಿಡಲು ಹಗೇವುಗಳಿದ್ದ ಕಾಲದಲ್ಲಿ ಒಂದು ಕಟ್ಟುನಿಟ್ಟು ಇತ್ತು. ನೆಲದಡಿಯ ಆ ಗುಂಡಿಯ ಬಾಯಿ ತೆರೆದ ಕೂಡಲೇ ಯಾರೂ ಒಳಕ್ಕೆ ಇಳಿಯುವಂತಿರಲಿಲ್ಲ. ಒಳಗೆ ಸೇರಿದ ಕೆಟ್ಟ ಗಾಳಿ ಹೊರಹೋಗಲು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ನೋಡಬೇಕು. ದೀಪ ಆರದೆ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಯಾವ ಸರಕಾರವೂ ಬರೆದ ಕಾನೂನಲ್ಲ. ಹಗೇವಿನಲ್ಲಿ ಉಸಿರುಗಟ್ಟಿ ಸತ್ತವರನ್ನು ಕಂಡ ಜನ ತಾವೇ ಮಾಡಿಕೊಂಡ ಕಟ್ಟುಪಾಡು.

ಸರಕು ಇಡುವ ಜಾಗ ಈಗ ನೆಲದಡಿಯಿಂದ ಮೇಲೆದ್ದು, ಮೂವತ್ತು ನಲವತ್ತು ಅಡಿ ಎತ್ತರದ ತಗಡಿನ ಚಾವಣಿಯ ಗೋದಾಮಾಗಿದೆ. ಅಲ್ಲಿ ಧಾನ್ಯವಷ್ಟೇ ಅಲ್ಲ, ಸೋಪು, ಔಷಧಿ, ಫ್ರಿಜ್ಜು, ಟೈರು ಎಲ್ಲವೂ ಕಬ್ಬಿಣದ ಅಟ್ಟಣೆಗಳ ಮೇಲೆ ಕುಳಿತಿವೆ. ಅವನ್ನು ಏರಿಸಿ ಇಳಿಸುವುದು ಹಮಾಲಿಯ ಹೆಗಲಲ್ಲ. ಮುಂದಕ್ಕೆ ಎರಡು ಉಕ್ಕಿನ ಕೋಡುಗಳನ್ನು ಚಾಚಿಕೊಂಡು ಓಡಾಡುವ, ಫೋರ್ಕ್‌ಲಿಫ್ಟ್ ಎಂಬ ಗಿಡ್ಡ ಬಂಡಿ. ಮನುಷ್ಯನ ಬೆನ್ನಿನ ಭಾರ ಇಳಿಸಿದ ಈ ಯಂತ್ರ ಎಲ್ಲಿಂದ ಬಂತು? ಜೊತೆಯಲ್ಲಿ ಯಾವ ಹೊಸ ಅಪಾಯವನ್ನು ತಂದಿತು? ಅದನ್ನು ತಡೆಯಲು ಜಗತ್ತು ಯಾವ ಕಟ್ಟುಪಾಡು ಕಂಡುಕೊಂಡಿತು? ಇದು ಒಂದು ಶತಮಾನಕ್ಕೂ ಮೀರಿದ ಕಥೆ.

ರೈಲು ನಿಲ್ದಾಣದಿಂದ ರಣರಂಗಕ್ಕೆ

1906ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯು ಆಲ್ಟೂನಾ ಎಂಬ ಊರಿನಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿಯಿಂದ ಓಡುವ ಹಲಗೆಬಂಡಿಗಳನ್ನು ಬಳಸತೊಡಗಿತು. ಅವು ಸಾಮಾನನ್ನು ಒಯ್ಯುತ್ತಿದ್ದವೇ ಹೊರತು ಎತ್ತುತ್ತಿರಲಿಲ್ಲ. ಎತ್ತಿ ಇಡಲು ಕೂಲಿಯೇ ಬೇಕಿತ್ತು. ಮೊದಲನೇ ಮಹಾಯುದ್ಧ ಬಂದು ದುಡಿಯುವ ಗಂಡಸರೆಲ್ಲ ಸೈನ್ಯಕ್ಕೆ ಹೋದಾಗ ಕಾರ್ಖಾನೆಗಳಲ್ಲಿ ಕೈಗಳ ಕೊರತೆಯಾಯಿತು. ಕಡಿಮೆ ಜನರಿಂದ ಹೆಚ್ಚು ಭಾರ ಸಾಗಿಸುವ ಉಪಾಯ ಹುಡುಕುವುದು ಅನಿವಾರ್ಯವಾಯಿತು.

1917ರಲ್ಲಿ ಮಿಷಿಗನ್ ರಾಜ್ಯದ ಬುಕಾನನ್ ಊರಿನಲ್ಲಿ ಕ್ಲಾರ್ಕ್ ಕಂಪೆನಿಯವರು ತಮ್ಮದೇ ಕಾರ್ಖಾನೆಯ ಒಂದು ವಿಭಾಗದಿಂದ ಇನ್ನೊಂದಕ್ಕೆ ಸಾಮಗ್ರಿ ಒಯ್ಯಲು ಟ್ರಕ್ಟ್ರ್ಯಾಕ್ಟರ್ ಎಂಬ ಬಂಡಿ ಮಾಡಿಕೊಂಡರು. ಅದನ್ನು ಮಾರುವ ಯೋಚನೆಯೇ ಅವರಿಗೆ ಇರಲಿಲ್ಲ. ಕಾರ್ಖಾನೆ ನೋಡಲು ಬಂದವರು 'ನಮಗೂ ಒಂದು ಮಾಡಿಕೊಡಿ' ಎಂದು ಕೇಳತೊಡಗಿದಾಗ ಅದೇ ಹೊಸ ಉದ್ಯಮವಾಯಿತು. 1923ರಲ್ಲಿ ಯೇಲ್ ಕಂಪೆನಿ ಕೋಡುಗಳಿಂದ ಭಾರವನ್ನು ನೆಲದಿಂದ ಎಬ್ಬಿಸಿ, ನೆಟ್ಟನೆಯ ಕಂಬದ ಮೇಲೆ ಮೇಲಕ್ಕೇರಿಸುವ ಬಂಡಿಯನ್ನು ತಂದಿತು. ಇಂದಿನ ಫೋರ್ಕ್‌ಲಿಫ್ಟಿನ ರೂಪ ಆಗ ಮೂಡಿತು.

ಎತ್ತುವ ಯಂತ್ರ ಬಂದರೆ ಸಾಲದು. ಎತ್ತಿಸಿಕೊಳ್ಳುವ ಸಾಮಾನೂ ಅದಕ್ಕೆ ಒಗ್ಗಬೇಕಲ್ಲ! ಕೋಡು ತೂರಲು ಕೆಳಗೆ ಸಂದು ಇರುವ ಮರದ ಹಲಗೆಮಣೆ, ಅಂದರೆ ಪ್ಯಾಲೆಟ್, ಆ ಕೆಲಸ ಮಾಡಿತು. ಅದರಿಂದ ಆದ ವ್ಯತ್ಯಾಸವನ್ನು 1931ರಲ್ಲಿ ಅಮೆರಿಕದ ರೈಲ್ವೆ ಪತ್ರಿಕೆಯೊಂದು ಲೆಕ್ಕ ಕೊಟ್ಟು ತೋರಿಸಿತ್ತು. ಒಂದು ವ್ಯಾಗನ್ನಿನಿಂದ 13,000 ಪೆಟ್ಟಿಗೆ ಡಬ್ಬಿ ಆಹಾರವನ್ನು ಕೈಯಿಂದ ಇಳಿಸಲು 3 ದಿನ ಬೇಕಾಗಿತ್ತು. ಅಷ್ಟೇ ಸರಕನ್ನು ಪ್ಯಾಲೆಟ್ ಮೇಲೆ ಜೋಡಿಸಿ ತಂದಾಗ 4 ಗಂಟೆ ಸಾಕಾಯಿತು.

ಎರಡನೇ ಮಹಾಯುದ್ಧ ಈ ಜೋಡಿಯನ್ನು ಭೂಮಿಯ ಮೂಲೆಮೂಲೆಗೂ ಒಯ್ದಿತು. ಯುದ್ಧ ಮುಗಿದು ಅಮೆರಿಕದ ಪಡೆಗಳು ಆಸ್ಟ್ರೇಲಿಯದಿಂದ ತೆರಳಿದಾಗ ತಮ್ಮ ಫೋರ್ಕ್‌ಲಿಫ್ಟು, ಪ್ಯಾಲೆಟ್ಟುಗಳನ್ನು ಅಲ್ಲಿಯೇ ಬಿಟ್ಟುಹೋದವು. ಅವನ್ನು ಎಲ್ಲರೂ ಸರದಿಯಲ್ಲಿ ಬಳಸುವಂತೆ ಅಲ್ಲಿನ ಸರಕಾರ ಒಂದು ವ್ಯವಸ್ಥೆ ಮಾಡಿತು. ಚೆಪ್ ಎಂಬ ಹೆಸರಿನ ಆ ಸಂಸ್ಥೆಯನ್ನು 1958ರಲ್ಲಿ ಬ್ರ್ಯಾಂಬಲ್ಸ್ ಕಂಪೆನಿ ಕೊಂಡುಕೊಂಡಿತು. ಇಂದು ಅನೇಕ ದೇಶಗಳ ಗೋದಾಮುಗಳಲ್ಲಿ ಕಾಣುವ ನೀಲಿ ಬಣ್ಣದ ಬಾಡಿಗೆ ಪ್ಯಾಲೆಟ್‌ಗಳು ಆ ಮೂಲದವು. ಭಾರ ಎತ್ತುವ ಸಲಕರಣೆಯನ್ನು ಕೊಳ್ಳದೆ ಬಾಡಿಗೆಗೆ ಪಡೆಯುವ ದೊಡ್ಡ ವ್ಯಾಪಾರಗಳಲ್ಲಿ ಒಂದು ಹೀಗೆ ಯುದ್ಧದ ಉಳಿಕೆಯಿಂದ ಹುಟ್ಟಿತು.

ತಕ್ಕಡಿಯ ಲೆಕ್ಕ

ಈ ಯಂತ್ರ ಅಪಾಯಕಾರಿಯಾಗುವುದು ಏಕೆಂದು ತಿಳಿಯಲು ತಕ್ಕಡಿಯನ್ನು ನೆನೆಸಿಕೊಂಡರೆ ಸಾಕು. ಫೋರ್ಕ್‌ಲಿಫ್ಟಿನ ಮುಂದಿನ ಎರಡು ಚಕ್ರಗಳೇ ತಕ್ಕಡಿಯ ನಡುಮುಳ್ಳು. ಕೋಡಿನ ಮೇಲಿನ ಸರಕು ಒಂದು ತಟ್ಟೆ, ಹಿಂಭಾಗದಲ್ಲಿ ತುಂಬಿದ ಎರಕದ ಕಬ್ಬಿಣ ಇನ್ನೊಂದು ತಟ್ಟೆ. ಎರಡೂವರೆ ಟನ್ ಎತ್ತುವ ಫೋರ್ಕ್‌ಲಿಫ್ಟ್ ತಾನೇ ಮೂರೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಅಂದರೆ ಐದು ಮಾರುತಿ 800 ಕಾರುಗಳಷ್ಟು ತೂಕ ಒಂದು ಪುಟ್ಟ ಬಂಡಿಯಲ್ಲಿ! ಹೀಗಾಗಿ ಅದು ನಡಿಗೆಯ ವೇಗದಲ್ಲಿ ತಾಗಿದರೂ ಮನುಷ್ಯನ ಕಾಲು ಉಳಿಯುವುದು ಕಷ್ಟ.

ತಕ್ಕಡಿಯ ಲೆಕ್ಕ ತೂಕದ ಮಾತಷ್ಟೇ ಅಲ್ಲ, ದೂರದ ಮಾತು ಕೂಡ. ಒಂದೇ ಸರಕನ್ನು ಕಂಬಕ್ಕೆ ಒತ್ತಿ ಹಿಡಿದರೆ ಬಂಡಿ ನಿಲ್ಲುತ್ತದೆ. ಕೋಡಿನ ತುದಿಯಲ್ಲಿ ಹಿಡಿದರೆ ಹಿಂದಿನ ಚಕ್ರಗಳು ಗಾಳಿಗೆ ಏಳುತ್ತವೆ. ಆದ್ದರಿಂದ ಪ್ರತಿ ಯಂತ್ರದ ಮೇಲೂ ಎಷ್ಟು ದೂರದಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ತೂಕ ಎಂಬುದನ್ನು ಕೆತ್ತಿದ ಒಂದು ಚಿಕ್ಕ ಫಲಕ ಇರುತ್ತದೆ. ಸವೆದು ಅಕ್ಷರ ಕಾಣದಂತಾದ ಫಲಕ ಎಂದರೆ ಮೀಟರ್ ಇಲ್ಲದ ಬಾಯ್ಲರ್ ಇದ್ದಂತೆ.

ಇನ್ನೊಂದು ಗುಟ್ಟು ಹಿಂದಿನ ಅಚ್ಚಿನಲ್ಲಿದೆ. ಆ ಅಚ್ಚು ನಡುವೆ ಒಂದೇ ಬಿಂದುವಿನಲ್ಲಿ ಜೋಡಣೆಗೊಂಡು ಆಚೀಚೆ ವಾಲುತ್ತದೆ. ಹೀಗಾಗಿ ನಾಲ್ಕು ಚಕ್ರ ಇದ್ದರೂ ಫೋರ್ಕ್‌ಲಿಫ್ಟ್ ನಿಂತಿರುವುದು ಮೂರೇ ಕಾಲಿನ ಸ್ಟೂಲಿನ ಹಾಗೆ. ಸರಕನ್ನು ಮೇಲೆತ್ತಿಕೊಂಡು ತಿರುವಿನಲ್ಲಿ ವೇಗವಾಗಿ ಹೊರಳಿದರೆ ತೂಕ ಆ ತ್ರಿಕೋನದ ಹೊರಗೆ ಬೀಳುತ್ತದೆ, ಬಂಡಿ ಮಗುಚುತ್ತದೆ. ಸರಕನ್ನು ನೆಲದಿಂದ ಒಂದು ಗೇಣಿಗಿಂತ ಹೆಚ್ಚು ಎತ್ತದೆ ಓಡಿಸಬೇಕು ಎಂಬ ಮಾತಿನ ಹಿಂದಿರುವುದು ಈ ಲೆಕ್ಕ.

ಬಂಡಿ ಮಗುಚುವಾಗ ಹೊರಗೆ ಹಾರಬೇಕೆನ್ನುವುದು ಎತ್ತಿನ ಗಾಡಿಯ ಕಾಲದಿಂದ ನಮಗೆ ಬಂದ ಬುದ್ಧಿ. ಫೋರ್ಕ್‌ಲಿಫ್ಟಿನಲ್ಲಿ ಅದೇ ಪ್ರಾಣ ತೆಗೆಯುತ್ತದೆ. ಹಾರಿದವನು ಬೀಳುವ ಕಡೆಗೇ ಯಂತ್ರವೂ ಬೀಳುತ್ತದೆ, ಅದರ ಚಾವಣಿಯ ಕಬ್ಬಿಣ ಅವನ ಮೇಲೆ ಎರಗುತ್ತದೆ. ಪಟ್ಟಿ ಬಿಗಿದುಕೊಂಡು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಬಂಡಿ ಬೀಳುವ ದಿಕ್ಕಿನ ವಿರುದ್ಧಕ್ಕೆ ಒರಗಿ ಒಳಗೇ ಉಳಿಯಬೇಕೆಂದು ತರಬೇತಿಯಲ್ಲಿ ಕಲಿಸುತ್ತಾರೆ. ಅಂತಃಪ್ರೇರಣೆಗೆ ವಿರುದ್ಧವಾದ ಪಾಠವನ್ನು ಬಾಯಿಮಾತಿನಲ್ಲಿ ಒಮ್ಮೆ ಹೇಳಿ ಮುಗಿಸಲಾಗದು. ತರಬೇತಿ ಬೇಕೆನ್ನುವುದು ಅದಕ್ಕೇ.

ಸಾವು ಕಲಿಸಿದ ಪಾಠ

1980ರಿಂದ 1994ರವರೆಗಿನ 15 ವರ್ಷಗಳಲ್ಲಿ ಅಮೆರಿಕದಲ್ಲಿ ಫೋರ್ಕ್‌ಲಿಫ್ಟ್ ಅವಘಡಗಳಿಂದ 1,021 ಕಾರ್ಮಿಕರು ಸತ್ತರು ಎಂದು ಅಲ್ಲಿನ ಸರಕಾರಿ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿತು. ಯಂತ್ರ ಮಗುಚಿ ಸತ್ತವರು ಶೇ 22. ನಡೆದು ಹೋಗುತ್ತಿದ್ದಾಗ ಯಂತ್ರ ಬಡಿದು ಸತ್ತವರು ಶೇ 20. ಯಂತ್ರದಡಿ ಜಜ್ಜಿಹೋದವರು ಶೇ 16. ಫೋರ್ಕ್‌ಲಿಫ್ಟಿನಿಂದ ಕೆಳಕ್ಕೆ ಬಿದ್ದವರು ಶೇ 9.

ಈ ಅಂಕಿಗಳಲ್ಲಿ ಎರಡನೆಯದನ್ನು ಗಮನಿಸಬೇಕು. ಸತ್ತವರಲ್ಲಿ ಐವರಲ್ಲಿ ಒಬ್ಬರು ಚಾಲಕರೇ ಅಲ್ಲ, ಪಕ್ಕದಲ್ಲಿ ನಡೆಯುತ್ತಿದ್ದವರು. ಮೂಟೆ ಹೊರುವ ಕಾಲದಲ್ಲಿ ಭಾರದ ಅಪಾಯ ಹೊತ್ತವನದೇ ಆಗಿತ್ತು. ಯಂತ್ರ ಬಂದ ಮೇಲೆ ಆ ಅಪಾಯ ಹೊರುವವನಿಂದ ಕಳಚಿ, ಭಾರಕ್ಕೆ ಸಂಬಂಧವೇ ಇಲ್ಲದೆ ಹತ್ತಿರ ಇದ್ದವನಿಗೂ ಅಂಟಿಕೊಂಡಿತು. ಗೋದಾಮಿನ ನೆಲದಲ್ಲಿ ಮನುಷ್ಯರಿಗೊಂದು ಯಂತ್ರಕ್ಕೊಂದು ಎಂದು ಹಳದಿ ಗೆರೆ ಎಳೆದು ದಾರಿ ಬೇರ್ಪಡಿಸುವುದು ಅಲಂಕಾರಕ್ಕಲ್ಲ. ಈ ಯಂತ್ರ ತಿರುಗುವುದು ಹಿಂದಿನ ಚಕ್ರಗಳಿಂದ. ಚಾಲಕ ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ, ಅಲ್ಲಿ ನಿಂತವನಿಗೆ ಅದು ಗೊತ್ತಿರುವುದಿಲ್ಲ.

1999ರಲ್ಲಿ ಅಮೆರಿಕ ನಿಯಮ ಬಿಗಿ ಮಾಡಿತು. ಪಾಠ, ಪ್ರಾಯೋಗಿಕ ಅಭ್ಯಾಸ, ಪರೀಕ್ಷೆ ಮೂರೂ ಮುಗಿಯದೆ ಯಾರೂ ಯಂತ್ರ ಹತ್ತುವಂತಿಲ್ಲ. 3 ವರ್ಷಕ್ಕೊಮ್ಮೆಯಾದರೂ ಚಾಲಕನ ಕೆಲಸವನ್ನು ಮತ್ತೆ ಪರಿಶೀಲಿಸಬೇಕು ಎಂದಿತು.

ಸರಿಯಾದ ಕವಚ ಜೀವ ಉಳಿಸಬಲ್ಲದು ಎಂಬುದಕ್ಕೂ ಉದಾಹರಣೆ ಇದೆ. 2016ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಿನ್‌ಸ್ಟಾಕ್ ಎಂಬಲ್ಲಿ ಗೋದಾಮಿನ ಅಟ್ಟಣೆಗಳು ಕುಸಿದು, ಫೋರ್ಕ್‌ಲಿಫ್ಟ್ ಚಾಲಕನೊಬ್ಬ ಟನ್ನುಗಟ್ಟಲೆ ಚೀಸ್‌ನ ಅಡಿ ಹೂತುಹೋದ. ಎಂಟು ಗಂಟೆಗೂ ಹೆಚ್ಚು ಕಾಲ ಹುಡುಕಿದ ಮೇಲೆ ಆತ ಜೀವಂತವಾಗಿ ಹೊರಬಂದ. ಚಾಲಕನ ತಲೆಯ ಮೇಲೆ ಕಬ್ಬಿಣದ ಜಾಲರಿ ಚಾವಣಿ ಇರುವುದು ಬಿಸಿಲು ತಡೆಯಲು ಅಲ್ಲ, ಇಂಥ ಗಳಿಗೆಗೆ.

ಬಾಡಿಗೆ ಯಂತ್ರ, ಯಾರ ಹೊಣೆ?

ಯಂತ್ರ ಕೊಳ್ಳಲು ಲಕ್ಷಗಟ್ಟಲೆ ಬೇಕು. ಕೆಲಸವೋ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಸುಗ್ಗಿಯಲ್ಲಿ, ಹಬ್ಬದ ವ್ಯಾಪಾರದಲ್ಲಿ ಹೆಚ್ಚು, ಉಳಿದಂತೆ ಕಡಿಮೆ. ಆದ್ದರಿಂದ ತಿಂಗಳ ಬಾಡಿಗೆಗೆ ಪಡೆಯುವುದು ಜಾಣತನವೇ ಸರಿ. ಆದರೆ ಇಲ್ಲಿ ಒಂದು ತೊಡಕಿದೆ. ಯಂತ್ರ ಒಬ್ಬರದು, ಚಾಲಕ ಗುತ್ತಿಗೆದಾರನವನು, ಗೋದಾಮು ಇನ್ನೊಬ್ಬರದು, ಸರಕು ಮತ್ತೊಬ್ಬರದು. ಬ್ರೇಕು ಸಡಿಲವಾಗಿದ್ದರೆ ಯಾರು ನೋಡಬೇಕು?

ಸವಕಳಿ ಎನ್ನುವುದು ಸದ್ದಿಲ್ಲದೆ ಬರುತ್ತದೆ. ಕೋಡು ಮೊಣಕೈಯಂತೆ ಬಾಗುವ ಜಾಗದಲ್ಲಿ ಅದರ ದಪ್ಪ ಶೇ 10ರಷ್ಟು ಸವೆದರೆ ಬಲ ಸುಮಾರು ಶೇ 20ರಷ್ಟು ಇಳಿಯುತ್ತದೆ. ಎತ್ತುವ ಸರಪಳಿ ಶೇ 3ರಷ್ಟು ಉದ್ದವಾದರೆ ಅದನ್ನು ಬದಲಿಸಬೇಕು. ಇವೆರಡೂ ಬರಿಗಣ್ಣಿಗೆ ತಿಳಿಯುವುದಿಲ್ಲ, ಅಳತೆಪಟ್ಟಿ ಹಿಡಿದು ನೋಡಬೇಕು. ಬ್ಯಾಟರಿಗೆ ವಿದ್ಯುತ್ ತುಂಬುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ, ಒಂದು ಕಿಡಿ ಸಾಕು ಸಿಡಿಯಲು. ಹಗೇವಿಗೆ ದೀಪ ಇಳಿಬಿಡಬೇಕಿತ್ತು; ಈ ಕೋಣೆಗೆ ದೀಪದ ಉರಿಯನ್ನು ತರಲೇಬಾರದು. ಆದರೆ ಎರಡೂ ಕಡೆ ಗಾಳಿಯಾಡಬೇಕು ಎಂಬ ಮಾತು ಒಂದೇ.

ಬಾಡಿಗೆ ಕರಾರಿನಲ್ಲಿ ದರದ ಜೊತೆಗೆ ಮೂರು ಸಂಗತಿ ಸ್ಪಷ್ಟವಾಗಿ ಇರಬೇಕು: ದಿನದ ತಪಾಸಣೆ ಯಾರದು, ದುರಸ್ತಿ ಯಾರದು, ಕೆಟ್ಟ ಯಂತ್ರವನ್ನು ನಿಲ್ಲಿಸುವ ಅಧಿಕಾರ ಯಾರದು. ದಿನದ ತಪಾಸಣೆಗೆ ಹಿಡಿಯುವುದು ಹತ್ತು ನಿಮಿಷ. ಟೈರು, ಬ್ರೇಕು, ಹಾರ್ನು, ಕೋಡು, ಸರಪಳಿ, ಎಣ್ಣೆ ಸೋರಿಕೆ, ಪಟ್ಟಿ ಇಷ್ಟನ್ನು ನೋಡಿ ಪುಸ್ತಕದಲ್ಲಿ ಬರೆದರೆ ಆಯಿತು.

ನಮ್ಮ ಗೋದಾಮುಗಳು

ನಮ್ಮ ಮಂಡಿಗಳಲ್ಲಿ ಕ್ವಿಂಟಲ್ ಚೀಲವನ್ನು ಕೊಕ್ಕೆ ಹಾಕಿ ಎಳೆದು ಬೆನ್ನಿಗೇರಿಸಿದ ಹಮಾಲರಿಗೆ ಸೊಂಟ, ಮಂಡಿ ಸವೆದದ್ದೇ ಪಿಂಚಣಿ. ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತ್ತು. ನೆರೆಯ ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಮತ್ತು ಹಮಾಲರಿಗಾಗಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. 1948ರ ಕಾರ್ಖಾನೆಗಳ ಕಾಯ್ದೆ, ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷಿಸಬೇಕೆಂದು ಹೇಳಿತ್ತು. ಆ ಕಾಯ್ದೆ ಸೇರಿದಂತೆ 13 ಕಾನೂನುಗಳನ್ನು ಒಂದುಗೂಡಿಸಿದ ಸಂಹಿತೆಗೆ 2020ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ತಗ್ಗಿ, ದೊಡ್ಡ ಗೋದಾಮುಗಳು ಎದ್ದವು. ಬೆಂಗಳೂರಿನ ಸುತ್ತ ನೆಲಮಂಗಲ, ಹೊಸಕೋಟೆ ಕಡೆ ಹೋದವರಿಗೆ ಅವು ರಸ್ತೆಯಿಂದಲೇ ಕಾಣುತ್ತವೆ. ಅಲ್ಲಿ ಬಿಹಾರ, ಒಡಿಶಾ, ಉತ್ತರ ಕರ್ನಾಟಕದಿಂದ ಬಂದವರು ದುಡಿಯುತ್ತಾರೆ. ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅವರಲ್ಲಿ ಎಷ್ಟು ಮಂದಿಗೆ ಅದು ತಲುಪೀತು?

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕವೊಂದು ಕುಸಿದು, ಮೂಟೆಗಳ ರಾಶಿಯಡಿ ಸಿಲುಕಿ ಬಿಹಾರದ ಏಳು ಮಂದಿ ಕಾರ್ಮಿಕರು ಸತ್ತರು. ಅಲ್ಲಿ ಫೋರ್ಕ್‌ಲಿಫ್ಟಿನ ಮಾತಿಲ್ಲ. ಆದರೆ ಎತ್ತರಕ್ಕೇರಿಸಿದ ಭಾರದ ಅಡಿಯಲ್ಲಿ ಮನುಷ್ಯ ನಿಂತಿದ್ದ ಎಂಬುದು ಇಂಗ್ಲೆಂಡಿನ ಗೋದಾಮಿಗೂ ವಿಜಯಪುರಕ್ಕೂ ಸಮ. ಅಲ್ಲಿಯ ಒಬ್ಬ ಮನೆಗೆ ಹೋದ, ಇಲ್ಲಿಯ ಏಳು ಮಂದಿ ಹೋಗಲಿಲ್ಲ.

ಯಂತ್ರ ಬೇಡ ಎನ್ನುವುದು ಇದಕ್ಕೆ ಉತ್ತರವಲ್ಲ. ಹಮಾಲಿಯ ಬೆನ್ನಿಗೆ ಮತ್ತೆ ಕ್ವಿಂಟಲ್ ಚೀಲ ಏರಿಸಬೇಕೆಂದು ಯಾರೂ ಬಯಸಲಾರರು. ಬೇಕಾದದ್ದು, ಬೆಳಗಿನ ತಪಾಸಣೆಯಲ್ಲಿ ಸರಪಳಿ ಸಡಿಲ ಕಂಡ ಚಾಲಕ 'ಇವತ್ತು ಇದು ಓಡುವುದು ಬೇಡ' ಎಂದರೆ ಮೇಸ್ತ್ರಿ ಒಪ್ಪುವ ವಾತಾವರಣ. ಲಾರಿ ಬಾಗಿಲಲ್ಲಿ ಕಾದಿದೆ, ದಿನದ ಬಾಡಿಗೆ ವ್ಯರ್ಥವಾಗುತ್ತದೆ ಎಂದು ಆ ಮಾತನ್ನು ತಳ್ಳಿಹಾಕಿದರೆ, ಗೋಡೆಯ ಮೇಲೆ ಎಷ್ಟು ನಿಯಮ ಬರೆದರೂ ಅದರಿಂದ ಯಾರ ಜೀವವೂ ಉಳಿಯುವುದಿಲ್ಲ. ಹಾಗೆ ಹೇಳಿದ್ದಕ್ಕೆ ಚಾಲಕನ ಅಂದಿನ ಕೂಲಿ ಹೋಗಬಾರದು. ಸುರಕ್ಷತೆಯ ಕಾನೂನು ನೆಲಕ್ಕೆ ಇಳಿಯಬೇಕಾದ ಜಾಗ ಅದು.