ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಿ

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ಸಿಲ್ಕ್ ಬೋರ್ಡ್ ಹತ್ತಿರ ನಮ್ಮ ಕ್ಯಾಬ್ ನಿಂತಲ್ಲೇ ನಿಂತಿತ್ತು. "ಅಣ್ಣ, ಎಸಿ ಸ್ವಲ್ಪ ಹಾಕ್ತೀರಾ?" ಅಂದೆ. "ಹಾಕ್ತೀನಿ ಸರ್. ಆದ್ರೆ ಈ ಟ್ರಿಪ್‌ನಲ್ಲಿ ನಂಗೇನೂ ಗಿಟ್ಟಲ್ಲ" ಅಂದರು. ಜಗಳದ ದನಿಯಲ್ಲಲ್ಲ, ಲೆಕ್ಕ ಒಪ್ಪಿಸೋ ದನಿಯಲ್ಲಿ. ನಾನು ಬಿಇಯಲ್ಲಿ ಮೆಕ್ಯಾನಿಕಲ್ ಓದಿ ಕೋಡ್ ಬರೆಯೋಕೆ ಬಂದವನು. ಥರ್ಮೊಡೈನಾಮಿಕ್ಸ್ ಪೇಪರನ್ನು ಹೇಗೋ ದಾಟಿದ್ದೆ. ಆ ಸೀಟಲ್ಲಿ ಬೆವರುತ್ತಾ ಕೂತಾಗ ಅನ್ನಿಸಿದ್ದು ಇಷ್ಟು: ಇವರು ಹೇಳ್ತಿರೋದು ನಿಜಾನಾ, ಅಥವಾ ನೆಪಾನಾ? ಮನೆಗೆ ಬಂದು ಹುಡುಕುತ್ತಾ ಹೋದರೆ ಕಥೆ 1939ಕ್ಕೆ ಹೋಗಿ ನಿಂತಿತು.

ಆ ವರ್ಷದ ನವೆಂಬರ್‌ನಲ್ಲಿ ಶಿಕಾಗೊದ ವಾಹನ ಪ್ರದರ್ಶನದಲ್ಲಿ ಪ್ಯಾಕಾರ್ಡ್ ಕಂಪನಿ ಒಂದು ಹೊಸ ಸೌಲಭ್ಯ ತೋರಿಸಿತು. ಕಾರಿನ ಒಳಗೇ ಹವಾನಿಯಂತ್ರಣ. 1940ರ ಮಾದರಿಗಳಲ್ಲಿ 274 ಡಾಲರ್ ಹೆಚ್ಚಿಗೆ ಕೊಟ್ಟವರಿಗೆ ಸಿಗುತ್ತಿತ್ತು. ತಂಪು ಮಾಡೋ ಭಾಗ ಡಿಕ್ಕಿಯಲ್ಲಿ, ಅರ್ಧ ಜಾಗ ಅದಕ್ಕೇ. ಕಂಪ್ರೆಸರ್ ಮುಂದೆ, ಇಂಜಿನ್ ಪಕ್ಕ. ತಮಾಷೆ ಇರೋದು ಇವೆರಡರ ನಡುವಿನ ಸಂಬಂಧದಲ್ಲಿ. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಇಂಜಿನ್ ತಿರುಗಿದಷ್ಟು ಹೊತ್ತೂ ಅದೂ ತಿರುಗುತ್ತಿತ್ತು. ತಂಪು ಸಾಕು ಅನ್ನಿಸಿದರೆ ಫ್ಯಾನ್ ಆರಿಸಬಹುದಿತ್ತು, ಅಷ್ಟೆ. ನಿಜವಾಗಿ ಎಸಿ ನಿಲ್ಲಿಸಬೇಕಾದರೆ ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಕಂಪ್ರೆಸರ್‌ನ ಬೆಲ್ಟನ್ನೇ ಬಿಚ್ಚಿಡಬೇಕು. ಚಳಿಗಾಲ ಬಂದರೆ ಬೆಲ್ಟ್ ತೆಗೆದಿಡೋದು, ಬೇಸಿಗೆಗೆ ಮತ್ತೆ ಹಾಕೋದು.

ಇವತ್ತಿನ ಕಾರಿನಲ್ಲಿ ಕುಳಿತವರಿಗೆ ಎಸಿ ಅಂದರೆ ಒಂದು ಬಟನ್. ಒಳಗೆ ಕರೆಂಟ್‌ನಿಂದ ನಡೆಯೋ ಏನೋ ಒಂದು ಇದೆ ಅಂತಲೇ ಬಹಳ ಜನರ ಭಾವನೆ. ಪೆಟ್ರೋಲ್ ಕಾರಿನಲ್ಲಿ ಹಾಗಲ್ಲ. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನಿಂದ ಒಂದು ಬೆಲ್ಟ್, ಆ ಬೆಲ್ಟ್‌ನಿಂದ ಕಂಪ್ರೆಸರ್. ನಮ್ಮೂರಲ್ಲಿ ಹಿಂದೆ ಒಂದೇ ಡೀಸೆಲ್ ಇಂಜಿನ್ನಿಗೆ ಬೆಲ್ಟ್ ಬದಲಿಸಿ ನೀರೆತ್ತೋಕೂ ಹಿಟ್ಟು ಬೀಸೋಕೂ ಬಳಸ್ತಿದ್ದರಲ್ಲ, ಅದೇ ವ್ಯವಸ್ಥೆ. ಇಲ್ಲಿ ಎರಡೂ ಕೆಲಸ ಒಟ್ಟಿಗೇ ನಡೆಯುತ್ತೆ, ಅಷ್ಟೇ ವ್ಯತ್ಯಾಸ. ಕಡು ಬೇಸಿಗೆಯಲ್ಲಿ ಸಣ್ಣ ಕಾರಿನ ಕಂಪ್ರೆಸರ್ ಎರಡು ಮೂರು ಕಿಲೊವ್ಯಾಟ್ ಎಳೆಯುತ್ತದೆ. ಅಂದರೆ ಹೆಚ್ಚುಕಮ್ಮಿ ತೋಟದ ಮೂರು ಎಚ್‌ಪಿ ಪಂಪ್‌ಸೆಟ್ ಒಂದನ್ನು ಬಾನೆಟ್ ಕೆಳಗೆ ಕಟ್ಟಿಕೊಂಡು ಹೋದ ಹಾಗೆ.

ಪ್ಯಾಕಾರ್ಡ್ ಪ್ರಯತ್ನ ಹೆಚ್ಚು ದಿನ ನಡೆಯಲಿಲ್ಲ; 1941ರ ನಂತರ ಕೈಬಿಟ್ಟರು. ಆದರೆ ಅದು ಸಾಧ್ಯವಾದದ್ದೇ ಹೇಗೆ ಅನ್ನೋದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಎಳೆ ಇದೆ. ಹಳೆಯ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ತರಹದ ಅನಿಲ ಇರುತ್ತಿದ್ದವು. ಮುಚ್ಚಿದ ಕಾರಿನೊಳಗೆ ಅವು ಸೋರಿದರೆ ಕಥೆ ಮುಗೀತು. ವಿಷವೂ ಅಲ್ಲದ, ಬೆಂಕಿಯೂ ಹಿಡಿಯದ ಫ್ರಿಯಾನ್ ಅನ್ನು 1920ರ ದಶಕದ ಕೊನೆಗೆ ರೂಪಿಸಿದ ತಂಡದ ಮುಖ್ಯಸ್ಥ ಥಾಮಸ್ ಮಿಜ್ಲಿ. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಈತ ಆ ಅನಿಲವನ್ನು ತಾನೇ ಉಸಿರೆಳೆದುಕೊಂಡು, ಊದಿ ಮೇಣದಬತ್ತಿ ಆರಿಸಿ ತೋರಿಸಿದ. ಇದೇ ಮನುಷ್ಯ 1921ರಲ್ಲಿ ಇಂಜಿನ್ನಿನ ನಾಕಿಂಗ್ ತಡೆಯೋಕೆ ಪೆಟ್ರೋಲಿಗೆ ಸೀಸ ಬೆರೆಸೋದನ್ನು ಕಂಡುಹಿಡಿದವನು! ಕಾರಿಗೆ ಶಕ್ತಿ ಕೊಟ್ಟದ್ದೂ ಅವನೇ, ಆ ಶಕ್ತಿಯನ್ನು ತಿನ್ನೋ ಯಂತ್ರಕ್ಕೆ ದಾರಿ ಮಾಡಿದ್ದೂ ಅವನೇ. ಎರಡೂ ಮುಂದೆ ಜಗತ್ತಿಗೆ ತಲೆನೋವಾದವು. ಓಜೋನ್ ಪದರಕ್ಕೆ ಹಾನಿ ಅಂತ ಗೊತ್ತಾಗಿ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಕಾರುಗಳಿಂದ ಆರ್-12 ಹೋಗಿ ಆರ್-134ಎ ಬಂತು. ಅದೂ ಭೂಮಿಯ ಬಿಸಿ ಏರಿಸುತ್ತೆ ಅಂತ ಈಗ ಬೇರೆಯದು ಬರ್ತಿದೆ. ಅದು ಇನ್ನೊಂದು ದೊಡ್ಡ ಕಥೆ, ಬಿಡಿ.

ಯುದ್ಧ ಮುಗಿದ ಮೇಲೆ 1953ರಲ್ಲಿ ಕ್ರೈಸ್ಲರ್, ಕ್ಯಾಡಿಲಾಕ್ ಮೊದಲಾದವರು ಮತ್ತೆ ಎಸಿ ತಂದರು. 1954ರಲ್ಲಿ ನ್ಯಾಶ್ ಕಂಪನಿ ಡಿಕ್ಕಿಯ ಗೊಡವೆಯೇ ಬೇಡ ಅಂತ ಇಡೀ ವ್ಯವಸ್ಥೆಯನ್ನು ಮುಂದಕ್ಕೇ ತಂದು, ಹೀಟರ್ ಜೊತೆ ಸೇರಿಸಿ ಕೂರಿಸಿತು. ಇವತ್ತಿನ ಕಾರಿನ ವಿನ್ಯಾಸ ಹೆಚ್ಚುಕಮ್ಮಿ ಅದೇ. ವಿದ್ಯುತ್ಕಾಂತದ ಕ್ಲಚ್ ಬಂದಿದ್ದರಿಂದ ಬೇಕಾದಾಗ ಮಾತ್ರ ಕಂಪ್ರೆಸರ್ ಅನ್ನು ಬೆಲ್ಟಿಗೆ ಜೋಡಿಸೋದು ಸಾಧ್ಯವಾಯಿತು. ಎಸಿ ಹಾಕಿದಾಗ ಬಾನೆಟ್ ಒಳಗೆ ಟಕ್ ಅಂತ ಒಂದು ಶಬ್ದ ಕೇಳುತ್ತಲ್ಲ, ಅದೇ ಆ ಕ್ಲಚ್. 1969ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸಿ ಕಾರುಗಳು.

ಅವರಿಗೆ ಅದರ ಭಾರ ಗೊತ್ತಾಗಲೇ ಇಲ್ಲ. 1953ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ ಇದ್ದದ್ದು 180 ಅಶ್ವಶಕ್ತಿಯ ವಿ8 ಇಂಜಿನ್. ಅಂಥ ಎತ್ತಿನ ಹೆಗಲ ಮೇಲೆ ನಾಲ್ಕೈದು ಎಚ್‌ಪಿ ಹೇರಿದರೆ ಅದು ಬಾಲವನ್ನೂ ಅಲ್ಲಾಡಿಸಲ್ಲ. ಪೆಟ್ರೋಲೂ ಅಗ್ಗ. 1973ರ ತೈಲ ಬಿಕ್ಕಟ್ಟಿನ ನಂತರ ಕಾರುಗಳು ಚಿಕ್ಕದಾದವು, ಇಂಜಿನ್‌ಗಳು ಚಿಕ್ಕದಾದವು. ಆದರೆ ಕೂತಿರೋ ಮನುಷ್ಯರು ಅಷ್ಟೇ ಗಾತ್ರ, ಸೂರ್ಯ ಅಷ್ಟೇ ಬಿಸಿ. ಆಗ ಶುರುವಾಯಿತು ಲೆಕ್ಕ.

ನಮ್ಮಲ್ಲಿ ಈ ಲೆಕ್ಕವನ್ನು ಮೈಮೇಲೆ ಅನುಭವಿಸಿದ್ದು ಮಾರುತಿ 800 ಕಾಲದವರು. 1983ರ ಡಿಸೆಂಬರ್‌ನಲ್ಲಿ ಬಂದ ಆ ಕಾರಿಗೆ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, 40ಕ್ಕೂ ಕಡಿಮೆ ಅಶ್ವಶಕ್ತಿ. ಅದರಲ್ಲಿ ನಾಲ್ಕು ತೆಗೆದರೆ ಹತ್ತರಲ್ಲಿ ಒಂದು ಪಾಲು ಹೋದ ಹಾಗೆ. ನಮ್ಮ ಮಾವ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಸಿ 800 ತಗೊಂಡಿದ್ದರು. ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಘಾಟಿ ಶುರುವಾಗ್ತಿದ್ದ ಹಾಗೆ, "ಕಿಟಕಿ ಇಳಿಸ್ರೋ" ಅಂತ ಹೇಳಿ ಎಸಿ ಆರಿಸೋರು. ಮುಂದಿರೋ ಲಾರಿ ದಾಟಬೇಕಾದರೂ ಅಷ್ಟೆ, ಮೊದಲು ಎಸಿ ಆಫ್, ಆಮೇಲೆ ಹಾರ್ನ್. ನಾನು ಅದನ್ನು ಮಾವನ ಜಿಪುಣತನ ಅಂತಲೇ ಬಹಳ ವರ್ಷ ನಂಬಿದ್ದೆ. ಶಕ್ತಿ ಸಾಲದಿರೋದು ಒಂದು ಕಾರಣ. ಇನ್ನೊಂದು, ಎಸಿಯ ಕಂಡೆನ್ಸರ್ ಕೂರೋದು ರೇಡಿಯೇಟರ್‌ನ ಮುಂದೆ. ಕಾರಿನೊಳಗಿಂದ ಎಳೆದ ಬಿಸಿಯನ್ನೆಲ್ಲ ಅದು ಹೊರಹಾಕೋದು ನೇರ ರೇಡಿಯೇಟರ್ ಮುಖಕ್ಕೆ. ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತೋ ಇಂಜಿನ್ನಿಗೆ ತಣ್ಣಗಾಗೋಕೆ ಸಿಗೋದೇ ಬಿಸಿ ಗಾಳಿ. ಮಾವ ಸರಿ ಇದ್ದರು.

ಮಾವ ಕೈಯಲ್ಲಿ ಮಾಡ್ತಿದ್ದದ್ದನ್ನು ಈಗ ಇಸಿಯು ಮಾಡುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಿರಾ? ಕೆಲವು ಸೆಕೆಂಡ್ ಕಂಪ್ರೆಸರ್ ಕ್ಲಚ್ ಬಿಡಿಸಿಬಿಡುತ್ತೆ. ಸಿಗ್ನಲ್‌ನಲ್ಲಿ ನಿಂತಾಗ ಎಸಿ ಹಾಕಿದಿರಾ? ಇಂಜಿನ್ ಆರಿ ಹೋಗದ ಹಾಗೆ ಐಡಲ್ ಸ್ಪೀಡ್ ಏರಿಸುತ್ತೆ. ನಾಲ್ಕು ಸಾಲಿನ ಇಫ್-ಎಲ್ಸ್, ಅಷ್ಟೆ. ಕಾರ್ಬೊರೇಟರ್ ಕಾಲದಲ್ಲಿ ಇದೇ ಕೆಲಸಕ್ಕೆ ವ್ಯಾಕ್ಯೂಮ್‌ನಿಂದ ನಡೆಯೋ ಒಂದು ಪುಟ್ಟ ಡಯಾಫ್ರಮ್ ಇರುತ್ತಿತ್ತು. ಅದು ಹರಿದರೆ ಸಿಗ್ನಲ್ ಸಿಗ್ನಲ್‌ಗೂ ಗಾಡಿ ಆಫ್. 1980ರ ದಶಕದ ಮಧ್ಯದಲ್ಲಿ ಜನರಲ್ ಮೋಟಾರ್ಸ್‌ನ ಹ್ಯಾರಿಸನ್ ವಿಭಾಗ, ಬೇಕಾದಷ್ಟೇ ಅನಿಲ ಒತ್ತುವ, ಅಂದರೆ ಪಿಸ್ಟನ್ನಿನ ಓಟವನ್ನೇ ಹೆಚ್ಚುಕಮ್ಮಿ ಮಾಡಿಕೊಳ್ಳುವ ಕಂಪ್ರೆಸರ್ ತಂದಿತು. 2003ರಲ್ಲಿ ಬಂದ ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್ ಬೆಲ್ಟನ್ನೇ ಕಿತ್ತು ಹಾಕಿ ಕಂಪ್ರೆಸರ್‌ಗೆ ಬೇರೆ ಮೋಟಾರ್ ಕೊಟ್ಟಿತು.

ಇಷ್ಟಾದರೂ ಕಾಗದದ ಮೇಲಿನ ಮೈಲೇಜ್‌ನಲ್ಲಿ ಎಸಿ ಕಾಣಿಸುತ್ತಲೇ ಇರಲಿಲ್ಲ. ಅಮೆರಿಕದಲ್ಲಿ ಕಾರಿನ ಮೇಲೆ ಅಂಟಿಸೋ ಮೈಲೇಜ್ ಚೀಟಿಯ ಪರೀಕ್ಷೆ ದಶಕಗಳ ಕಾಲ ನಡೆದದ್ದು ಎಸಿ ಆಫ್ ಮಾಡಿಯೇ. 35 ಡಿಗ್ರಿ ಬಿಸಿಯಲ್ಲಿ ಎಸಿ ಹಾಕಿ ಓಡಿಸೋ ಪರೀಕ್ಷೆ ಆ ಲೆಕ್ಕಕ್ಕೆ ಸೇರಿದ್ದು 2008ರ ಮಾದರಿಗಳಿಂದ. ಅಷ್ಟರಲ್ಲಿ ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು ಅಮೆರಿಕದ ಕಾರುಗಳ ಎಸಿ ವರ್ಷಕ್ಕೆ ಸುಮಾರು 700 ಕೋಟಿ ಗ್ಯಾಲನ್ ಪೆಟ್ರೋಲ್ ಕುಡಿಯುತ್ತೆ ಅಂತ ಅಂದಾಜು ಮಾಡಿದ್ದರು. ತುಂಬಾ ಬಿಸಿ ಇದ್ದಾಗ, ಅದರಲ್ಲೂ ಗಿಡ್ಡ ಪ್ರಯಾಣದಲ್ಲಿ, ಮೈಲೇಜ್ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಬಹುದು ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ನಮ್ಮ ಕಾರು ಜಾಹೀರಾತುಗಳಲ್ಲಿ ನಾವು ನೋಡಿಕೊಂಡು ಬಂದ ಎಆರ್‌ಎಐ ಅಂಕಿಯೂ ಎಸಿ ಆಫ್ ಮಾಡಿ ಪಡೆದದ್ದೇ.

ಈಗ ಸಿಲ್ಕ್ ಬೋರ್ಡ್‌ಗೆ ವಾಪಸ್ ಬರೋಣ. ಇಲ್ಲೊಂದು ಸೂಕ್ಷ್ಮ ಇದೆ. ಇಂಜಿನ್ ಕಾರು ಎಳೆಯೋಕೆ ಕುಡಿಯೋದು ಕಿಲೋಮೀಟರಿನ ಲೆಕ್ಕದಲ್ಲಿ, ಎಸಿ ಕುಡಿಯೋದು ಗಂಟೆಯ ಲೆಕ್ಕದಲ್ಲಿ. ಎಸಿಗೆ ಗಂಟೆಗೆ ಅರ್ಧ ಲೀಟರ್ ಅಂತ ಸುಮ್ಮನೆ ಇಟ್ಟುಕೊಳ್ಳಿ. ಹೈವೇಯಲ್ಲಿ 80ರಲ್ಲಿ ಹೋದರೆ ಹತ್ತು ಕಿಲೋಮೀಟರಿಗೆ ಏಳೂವರೆ ನಿಮಿಷ. ಲೀಟರಿಗೆ ನೂರು ರೂಪಾಯಿಯಂತೆ ಆರು ಚಿಲ್ಲರೆ ರೂಪಾಯಿ ಖರ್ಚು. ಅದೇ ಹತ್ತು ಕಿಲೋಮೀಟರ್‌ಗೆ ಔಟರ್ ರಿಂಗ್ ರೋಡಿನಲ್ಲಿ ಗಂಟೆಗೆ 12ರ ವೇಗದಲ್ಲಿ ಐವತ್ತು ನಿಮಿಷ ಬೇಕು. ಆಗ ಎಸಿ ಒಂದಕ್ಕೇ ನಲವತ್ತು ರೂಪಾಯಿ ಮೇಲೆ. ಬಾಡಿಗೆಯನ್ನು ಮುಖ್ಯವಾಗಿ ಕಿಲೋಮೀಟರ್ ನೋಡಿ ಮೊದಲೇ ಕಟ್ಟಿಬಿಡೋ ಆ್ಯಪ್‌ಗೆ ಈ ನಲವತ್ತು ರೂಪಾಯಿ ಕಾಣಲ್ಲ. ಡ್ರೈವರಣ್ಣನಿಗೆ ಕಾಣುತ್ತೆ, ಪ್ರತಿ ದಿನ ರಾತ್ರಿ ಬಂಕ್‌ನಲ್ಲಿ.

ಕಿಟಕಿ ಇಳಿಸೋದಾ, ಎಸಿ ಹಾಕೋದಾ ಅನ್ನೋ ಹಳೇ ವಾದವೂ ಇಲ್ಲೇ ಬಗೆಹರಿಯುತ್ತೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ, ಹಾಗಾಗಿ ಹೈವೇಯಲ್ಲಿ ಕಿಟಕಿ ತೆರೆದರೂ ದಂಡವೇ. ಎಷ್ಟು ವೇಗದಲ್ಲಿ ಯಾವುದು ಗೆಲ್ಲುತ್ತೆ ಅನ್ನೋದು ಕಾರಿನ ಆಕಾರ ನೋಡಿ ಬದಲಾಗುತ್ತೆ. ಊರೊಳಗಿನ ಟ್ರಾಫಿಕ್‌ನಲ್ಲಿ ಮಾತ್ರ ಅನುಮಾನವೇ ಇಲ್ಲ, ಕಿಟಕಿಯೇ ಅಗ್ಗ. ಹೊಗೆಯ ಲೆಕ್ಕ ಬೇರೆ. ಇನ್ನೊಂದು ಮಾತು: ಬಿಸಿಲಲ್ಲಿ ನಿಂತ ಕಾರಿಗೆ ಮೊದಲು ಎರಡು ನಿಮಿಷ ಕಿಟಕಿ ತೆರೆದು ಓಡಿಸಿ, ಆಮೇಲೆ ಎಸಿ ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸೋ ಬಟನ್ ಒತ್ತಿದರೆ ಕಂಪ್ರೆಸರ್‌ನ ಕೆಲಸ ಎಷ್ಟೋ ಹಗುರ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅಂತ ಕೇಂದ್ರ ಸರ್ಕಾರದ ನಿಯಮ ಇದೆ. ಶಿರಾಡಿಯಲ್ಲಿ ಮಾವ ಎಸಿ ಆರಿಸಿ ದಾಟುತ್ತಿದ್ದ ಆ ಲಾರಿಗಳ ಒಳಗೆ, ಇಂಜಿನ್ ಪಕ್ಕದಲ್ಲೇ ಬೇಯುತ್ತಾ ಕೂತವರ ಬಗ್ಗೆ ನಾವ್ಯಾರೂ ಯೋಚಿಸಿರಲಿಲ್ಲ. ಪಾರ್ಟ್ಸ್ ಕಂಪನಿಯೇ ಹಾಕಿ ಕೊಡುತ್ತೆ, ಸರಿ. ಆದರೆ ಟ್ರಿಪ್‌ಗೆ ಇಂತಿಷ್ಟೇ ಡೀಸೆಲ್ ಅಂತ ಲೆಕ್ಕ ಕಟ್ಟಿ ಕಳಿಸೋ ಮಾಲೀಕರು ಆ ಲೆಕ್ಕದಲ್ಲಿ ಎಸಿಗೆ ಎಷ್ಟು ಸೇರಿಸ್ತಾರೆ? ಆವತ್ತು ನಮ್ಮ ಕ್ಯಾಬ್ ಬೊಮ್ಮನಹಳ್ಳಿ ತಲುಪೋ ಹೊತ್ತಿಗೆ ನಾನು ಕೇಳದೇನೇ ಅಣ್ಣ ಎಸಿ ಹಾಕಿದ್ದರು. ಇಳಿಯುವಾಗ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟೆ. ಹತ್ತು ವಾಪಸ್ ಕೊಟ್ಟರು.