ನೃಪತುಂಗನ ಕಾಲದ ಒಂದು ಸಂಖ್ಯಾಹಾರ

ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ಇರುವ ಮಸ್ಕಿಯ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ೧೯೧೫ರಲ್ಲಿ ಗಣಿಯ ಎಂಜಿನಿಯರರಾದ ಬೀಡನ್ನರು ಅಲ್ಲಿ ಕಂಡ ಬಂಡೆಯ ಶಾಸನದಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ದೊರೆಯಿತು. ಇದೇ ಧರ್ಮಲಿಪಿಯ ಮತ್ತೊಂದು ಪಾಠ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಉಂಟು. ಅದರಲ್ಲಿ ೨೫೬ ಎಂಬ ಸಂಖ್ಯೆ ಬರುತ್ತದೆ. ಆದರೆ ಲಿಪಿಕಾರನು ಅದನ್ನು ನಮ್ಮಂತೆ ಬರೆದಿಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಅಂಕವು ನಿಂತ ಸ್ಥಾನದಿಂದ ಅದರ ಬೆಲೆ ಮಾರ್ಪಡುವ ಕ್ರಮ ಅಲ್ಲಿಲ್ಲ.

ಇದಾದ ಸುಮಾರು ಹನ್ನೊಂದು ನೂರು ವರ್ಷಗಳ ಮೇಲೆ, ಕೃಷ್ಣಾ ತುಂಗಭದ್ರೆಗಳ ಈ ನಡುನಾಡು ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿದ್ದಾಗ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಆದಿಯಲ್ಲಿ ಅವನು ಅಮೋಘವರ್ಷ ನೃಪತುಂಗನನ್ನು ಸ್ತುತಿಸುತ್ತಾನೆ. ಕಾಲ ಸುಮಾರು ಕ್ರಿ. ಶ. ೮೫೦. ೧೯೧೨ರಲ್ಲಿ ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಗುಣಾಕಾರಕ್ಕೆ ಆಚಾರ್ಯನು ಕೊಟ್ಟ ಲೆಕ್ಕಗಳಲ್ಲಿ ಒಂದನ್ನು ನೋಡೋಣ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಬರುತ್ತದೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಯನ್ನು ಮೀರಿದ ಈ ಸಂಖ್ಯೆ ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ.

ಇದಕ್ಕೆ ಕಾರಣವೇನು? ಈ ಸಂಖ್ಯೆ ೧೧೧೧೧೧ರ ವರ್ಗ. ಗುಣಿಸುವಾಗ ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿಸಲವೂ ಒಂದೊಂದು ಸ್ಥಾನ ಸರಿಸಿ ಬರೆಯಬೇಕು. ಕೂಡಿದರೆ ನಡುಗಂಬದಲ್ಲಿ ಆರು, ಇಕ್ಕೆಲಗಳಲ್ಲಿ ಐದು, ನಾಲ್ಕು, ಮೂರು ಎಂದು ಬರುತ್ತವೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವಿಲ್ಲ. ಒಂಬತ್ತು ಒಂದುಗಳವರೆಗೂ ಈ ಅಂದ ನಿಲ್ಲುತ್ತದೆ. ಹತ್ತನೆಯದು ಸೇರಿದೊಡನೆ ಹಾರ ಹರಿಯುತ್ತದೆ.

ಇದು ಬರಿಯ ಆಟವೆಂದು ಕೆಲವರು ಹೇಳಬಹುದು. ಆದರೆ ಕೈಯಿಂದ ದೀರ್ಘವಾಗಿ ಗುಣಿಸುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಕನುಂಟೆ? ಒಂದು ಅಂಕ ತಪ್ಪಿದರೂ ಮಣಿ ಜಾರಿದುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ವಿವೇಕವೂ ಇದರಲ್ಲಿದೆ. ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ಎಂಬ ಅವಿಭಾಜ್ಯಗಳು ದೊರೆಯುತ್ತವೆ. ನಮ್ಮ ಸಂಖ್ಯೆಯಲ್ಲಿ ಇವು ಒಂದೊಂದೂ ಎರಡು ಸಲ ಇವೆ. ೪೪೧ ಎಂಬುದು ೨೧ರ ವರ್ಗ, ೨೭೯೯೪೬೮೧ ಎಂಬುದು ೫೨೯೧ರ ವರ್ಗ. ಈ ಗುಣಗಳು ಸಂಖ್ಯೆಗೆ ಹುಟ್ಟಿನಿಂದ ಬಂದವು. ಯಾವ ಲಿಪಿಯಲ್ಲಿ ಬರೆದರೂ ಅಳಿಯವು. ಹಾರದ ಸೊಬಗು ಹಾಗಲ್ಲ. ಅದು ಸ್ಥಾನಕ್ರಮದಿಂದ ಬಂದ ಉಡುಗೆ. ಬ್ರಹ್ಮಗಿರಿಯ ಲಿಪಿಕಾರನ ರೀತಿಯಲ್ಲಿ ಬರೆದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ನಾವು ಮಕ್ಕಳ ಹಲಗೆಯ ಮೇಲೆ ಯೋಚಿಸದೆ ಬರೆಸುವ ಹತ್ತು ಅಂಕಗಳು ಎಂತಹ ಸಾಧನೆಯೆಂಬುದಕ್ಕೆ ಈ ಒಂದು ಸಂಖ್ಯೆಯೇ ಸಾಕ್ಷಿ.