ಕ್ಯಾಮೆರಾ ಹಿಡಿದ ಅಪರಿಚಿತರ ಜೊತೆ ಮಾತು: ಗಲ್ಫ್ ಕನ್ನಡಿಗರಿಗೆ ಗೊತ್ತಿರಬೇಕಾದ ವಿಚಾರಗಳು

ದುಬೈ: ರಜೆಯ ದಿನ ಸಂಜೆ ಬುರ್ಜ್ ಖಲೀಫಾದ ಕಾರಂಜಿ ಮುಂದೆ, ದೋಹಾದ ಸೂಕ್ ವಾಖಿಫ್‌ನಲ್ಲಿ, ಮಸ್ಕತ್‌ನ ಮತ್ರಾ ಕಾರ್ನಿಷ್‌ನಲ್ಲಿ ಎಲ್ಲಿ ನೋಡಿದರೂ ಕ್ಯಾಮೆರಾ. ಊರಲ್ಲಿ ಜಾತ್ರೆ, ಮದುವೆ ಅಂತ ಕಂಡಕಂಡವರ ಫೋಟೋ ತೆಗೆದು ಸ್ಟೇಟಸ್ ಹಾಕಿ ಅಭ್ಯಾಸ ಆದವರಿಗೆ ಇಲ್ಲಿನ ನಿಯಮ ಬೇರೆ ಅನ್ನೋದು ಬೇಗ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕೇಸ್ ಆಗಿರಬಹುದು. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಬೇಕು. ತಮ್ಮ ಫೋಟೋವನ್ನು ಬೇರೆಯವರು ತೆಗೆದರೆ ಕೈ ಎತ್ತದೆ ಬಾಯಲ್ಲೇ ಹೇಳಬೇಕು. ಇವೆರಡು ಪಾಲಿಸಿದರೆ ಬಹಳಷ್ಟು ತೊಂದರೆ ತಪ್ಪುತ್ತದೆ.

ಕಾನೂನು ಏನು ಹೇಳುತ್ತದೆ?

ಯುಎಇಯಲ್ಲಿ 2021ರ 34ನೇ ಸೈಬರ್ ಅಪರಾಧ ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಒಬ್ಬರ ಖಾಸಗಿತನಕ್ಕೆ ಧಕ್ಕೆ ತರುವ ಉದ್ದೇಶದಿಂದ ಒಪ್ಪಿಗೆ ಇಲ್ಲದೆ ಫೋಟೋ ತೆಗೆಯುವುದು, ಹಂಚುವುದು, ಉಳಿಸಿಕೊಳ್ಳುವುದು ಅದರ 44ನೇ ವಿಧಿಯ ಪ್ರಕಾರ ಅಪರಾಧ. ಸಾರ್ವಜನಿಕ ಜಾಗ ಅನ್ನೋ ಕಾರಣಕ್ಕೆ ವಿನಾಯಿತಿ ಇಲ್ಲ. ಶಿಕ್ಷೆ ಕನಿಷ್ಠ 6 ತಿಂಗಳು ಜೈಲು ಅಥವಾ 1,50,000ದಿಂದ 5,00,000 ದಿರ್ಹಂ ದಂಡ, ಇಲ್ಲವೇ ಎರಡೂ. ತಿಂಗಳಿಗೆ 1,500 ದಿರ್ಹಂ ಸಂಬಳ ಇರುವವರು ಲೆಕ್ಕ ಹಾಕಿ ನೋಡಲಿ: ಕನಿಷ್ಠ ದಂಡವೇ 100 ತಿಂಗಳ ಸಂಬಳ. ಊಟ, ರೂಮ್ ಬಾಡಿಗೆ ಯಾವುದಕ್ಕೂ ಒಂದು ಫಿಲ್ಸ್ ಖರ್ಚು ಮಾಡದಿದ್ದರೂ ಎಂಟು ವರ್ಷ ನಾಲ್ಕು ತಿಂಗಳ ದುಡಿಮೆ. ವಿದೇಶಿಯರಿಗೆ ಗಡೀಪಾರಿನ ಆದೇಶವೂ ಆಗಬಹುದು.

ಸೌದಿಯಲ್ಲಿ 2007ರ ಸೈಬರ್ ಅಪರಾಧ ಕಾನೂನು ಕ್ಯಾಮೆರಾ ಮೊಬೈಲ್ ದುರ್ಬಳಕೆಯನ್ನು ಹೆಸರಿಸಿಯೇ ಹೇಳುತ್ತದೆ. ಶಿಕ್ಷೆ 1 ವರ್ಷದವರೆಗೆ ಜೈಲು, 5,00,000 ರಿಯಾಲ್‌ವರೆಗೆ ದಂಡ. 2019ರಲ್ಲಿ ಬಂದ ಸಾರ್ವಜನಿಕ ಸಭ್ಯತೆಯ ನಿಯಮಗಳಲ್ಲೂ ಅನುಮತಿ ಇಲ್ಲದೆ ಜನರ ಫೋಟೋ ತೆಗೆದರೆ ದಂಡ ಇದೆ. ಕತಾರ್‌ನಲ್ಲಿ 2025ರ ತಿದ್ದುಪಡಿ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಇರುವವರ ಫೋಟೋ, ವಿಡಿಯೋವನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸಿದರೆ 1 ವರ್ಷದವರೆಗೆ ಜೈಲು, 1,00,000 ರಿಯಾಲ್‌ವರೆಗೆ ದಂಡ ಆಗಬಹುದು.

ಅಪಘಾತದ ಜಾಗದಲ್ಲಿ ಮೊಬೈಲ್ ತೆಗೆಯಲೇಬೇಡಿ. ಗಾಯಾಳು, ಮೃತರ ಚಿತ್ರ ತೆಗೆಯುವುದು ಯುಎಇ, ಕತಾರ್ ಎರಡೂ ಕಡೆ ಅಪರಾಧ. "ಊರಿನವರಿಗೆ ಸುದ್ದಿ ಮುಟ್ಟಿಸಲು ಗ್ರೂಪಿಗೆ ಹಾಕಿದ್ದು" ಅಂದರೆ ಅದು ಸಮಜಾಯಿಷಿ ಆಗುವುದಿಲ್ಲ.

ನಿಮ್ಮ ಫೋಟೋ ಯಾರಾದರೂ ತೆಗೆದರೆ

ಮೊದಲು ನಿಜವಾಗಿ ನಿಮ್ಮದೇ ಫೋಟೋ ತೆಗೆದರಾ ಎಂದು ನೋಡಿಕೊಳ್ಳಿ. ಹೆಚ್ಚಿನ ಸಲ ಅವರು ಹಿಂದಿನ ಕಟ್ಟಡದ ಚಿತ್ರ ತೆಗೆಯುತ್ತಿರುತ್ತಾರೆ. ಎರಡು ಹೆಜ್ಜೆ ಸರಿದು ನಿಂತರೆ ಅಲ್ಲಿಗೇ ಮುಗಿಯಿತು.

ನಿಮ್ಮದೇ ಅಂತ ಗೊತ್ತಾದರೆ ಹತ್ತಿರ ಹೋಗಿ ಸಲಾಂ ಹೇಳಿ, ಮೆತ್ತಗೆ ಮಾತಾಡಿ. ಹಿಂದಿ, ಉರ್ದು ಬಲ್ಲವರಿಗೆ "ಭಾಯ್, ಹಮಾರಾ ಫೋಟೋ ಮತ್ ಲೇನಾ" ಅಂದರೆ ಸಾಕು. ಅರಬ್ಬರ ಹತ್ತಿರ "ಲೌ ಸಮಹ್ತ್, ಮಾಫಿ ಸೂರಾ" ಅಂದರೆ "ದಯವಿಟ್ಟು, ಫೋಟೋ ಬೇಡ" ಎಂದು ಅರ್ಥವಾಗುತ್ತದೆ. ಹೆಂಗಸರಿಗಾದರೆ "ಲೌ ಸಮಹ್ತಿ". ತೆಗೆದಾಗಿದ್ದರೆ ಅಳಿಸಲು ಕೇಳಿ. ಐಫೋನ್‌ನಲ್ಲಿ ಅಳಿಸಿದ ಚಿತ್ರ ಇನ್ನೊಂದು ಫೋಲ್ಡರ್‌ನಲ್ಲಿ 30 ದಿನದವರೆಗೆ ಉಳಿಯುತ್ತದೆ, ಅಲ್ಲಿಂದಲೂ ತೆಗೆಯಲು ಹೇಳಿ.

ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ಅವರ ಮೊಬೈಲ್ ಕಸಿದರೆ, ಕೈ ಹಾಕಿದರೆ ಕೇಸ್ ನಿಮ್ಮ ಮೇಲೆ ತಿರುಗುತ್ತದೆ. "ನಾನೂ ನಿನ್ನ ವಿಡಿಯೋ ಮಾಡ್ತೀನಿ" ಅಂತ ಕ್ಯಾಮೆರಾ ತೆಗೆಯುವುದೂ ತಪ್ಪೇ. ಬೈಗುಳ, ಕೈಸನ್ನೆ ಬೇಡವೇ ಬೇಡ. ಮಾಲ್ ಆದರೆ ಸೆಕ್ಯೂರಿಟಿಯವರಿಗೆ, ಮೆಟ್ರೋ ಆದರೆ ಅಲ್ಲಿನ ಸಿಬ್ಬಂದಿಗೆ ಹೇಳಿ. ಪೊಲೀಸರನ್ನು ಕರೆಯಲು ಯುಎಇ, ಕತಾರ್, ಬಹರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ದುಬೈಯಲ್ಲಿ ತುರ್ತಲ್ಲದ ವಿಚಾರಕ್ಕೆ 901.

ನೀವು ಫೋಟೋ ತೆಗೆಯುವಾಗ

ಜನರು ಚೌಕಟ್ಟಿನೊಳಗೆ ಬರುವಂತಿದ್ದರೆ "ಮುಮ್ಕಿನ್ ಸೂರಾ?" ಎಂದು ಕೇಳಿ. ಅವರು ತಲೆ ಅಲ್ಲಾಡಿಸಿ ಬೇಡ ಅಂದರೆ ನಗುತ್ತಲೇ ಮೊಬೈಲ್ ಇಳಿಸಿ. ಹೆಂಗಸರು, ಮಕ್ಕಳು ಇರುವ ಕಡೆ ಇನ್ನೂ ಎಚ್ಚರ ಬೇಕು. ದುಬೈ ಮೆಟ್ರೋದಲ್ಲಿ ಹೆಂಗಸರು, ಮಕ್ಕಳಿಗೆ ಮೀಸಲಾದ ಬೋಗಿಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಸೇನಾ ನೆಲೆ, ಅರಮನೆ, ಪೊಲೀಸ್ ಠಾಣೆ, ತೈಲ ಘಟಕಗಳ ಬಳಿ ಮೊಬೈಲ್ ಕಿಸೆಯಲ್ಲೇ ಇರಲಿ. "ಮಮ್ನೂ ತಸ್ವೀರ್" ಎಂಬ ಫಲಕ ಕಂಡರೆ ಅಲ್ಲಿ ಫೋಟೋ ನಿಷೇಧ ಎಂದರ್ಥ. ಸೈಟ್, ಕ್ಯಾಂಪ್ ಒಳಗೆ ಕಂಪೆನಿಯ ನಿಯಮ ಏನೆಂದು ಫೋರ್‌ಮನ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಕ್ಯಾಮೆರಾ ಕುರಿತೇ ಮಾತು

ಕ್ಯಾಮೆರಾ ಕಂಡ ಕೂಡಲೇ ಹೆದರಿ ದೂರ ಸರಿಯಬೇಕಾಗಿಲ್ಲ. ಕಾರ್ನಿಷ್‌ನಲ್ಲಿ ಸ್ಟ್ಯಾಂಡ್ ಇಟ್ಟು ಸೂರ್ಯಾಸ್ತ ತೆಗೆಯುವವರು ತಮ್ಮ ಹವ್ಯಾಸದ ಬಗ್ಗೆ ಖುಷಿಯಿಂದಲೇ ಮಾತಾಡುತ್ತಾರೆ. ಅವರು ಒಂದು ಚಿತ್ರ ಮುಗಿಸುವವರೆಗೆ ಕಾದು, ಪಕ್ಕದಿಂದ ಹೋಗಿ "ಯಾವ ಕ್ಯಾಮೆರಾ? ರಾತ್ರಿ ಫೋಟೋ ಚೆನ್ನಾಗಿ ಬರುತ್ತಾ?" ಎಂದು ಕೇಳಬಹುದು. ರೇಟ್ ಎಷ್ಟು ಅಂತ ಮೊದಲೇ ಕೇಳುವುದು, ಲೆನ್ಸ್ ಮುಟ್ಟುವುದು ಬೇಡ.

ಯಾರಾದರೂ "ನಮ್ಮದೊಂದು ಫೋಟೋ ತೆಗೀರಿ" ಎಂದು ಕ್ಯಾಮೆರಾ ಕೊಟ್ಟರೆ ಅದರ ಬೆಲ್ಟ್ ಕೊರಳಿಗೆ ಹಾಕಿಕೊಂಡು ತೆಗೆಯಿರಿ. ಬೀಳಿಸಿದರೆ ಮಾತು ಬೇರೆ ಕಡೆ ಹೋಗುತ್ತದೆ. ನಿಮ್ಮ ಮೊಬೈಲ್ ಬೇರೆಯವರ ಕೈಗೆ ಕೊಡುವುದಿದ್ದರೆ ಮಕ್ಕಳೊಂದಿಗೆ ಬಂದ ಕುಟುಂಬದವರ ಹತ್ತಿರ ಕೇಳಿ.

ಊರಿಂದ ಹೊಸದಾಗಿ ಬಂದವರಿಗೆ ರೂಮಿನ ಹಿರಿಯರು ಬಸ್ ಕಾರ್ಡ್, ಸಿಮ್ ಕಾರ್ಡ್ ಎಲ್ಲ ಮಾಡಿಸಿಕೊಡುತ್ತಾರೆ. ಮೊದಲ ರಜೆಯಂದು ಸುತ್ತಾಡಲು ಹೊರಡುವ ಮೊದಲು ಈ ನಾಲ್ಕು ಮಾತನ್ನೂ ಹೇಳಿಕೊಟ್ಟರೆ ಒಳ್ಳೆಯದು. ಊರಿನ ಮನೆಯವರು ಫೋಟೋಗೆ ಕಾಯುತ್ತಿರುತ್ತಾರೆ ನಿಜ. ಅದಕ್ಕಿಂತ ಹೆಚ್ಚಾಗಿ ಕಾಯುವುದು ತಿಂಗಳ ಕೊನೆಗೆ ಬರುವ ಹಣಕ್ಕೆ, ರಜೆಗೆ ಬರುವ ಮಗನಿಗೆ.